ಅಸ್ತರು

ನರ ಎಳದೈತಿ ಅಂದೆ.
ನರ ಅಲ್ಲಕ್ಕ, ಅಂದಳು ಸಿರುಗುಪ್ಪದ ಹುಡುಗಿ,
ದೊಡ್ಡಾಸ್ಪತ್ರೆಯ ಹದಿನಾಲ್ಕನೇ ಕೋಣೆಯಲ್ಲಿ,
ಕರೆಂಟಿಲ್ಲದ ಮಧ್ಯಾಹ್ನ.
ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ
ಮಣಿಕಟ್ಟನ್ನು ಕಿರುಬೆರಳ ಕಡೆ ಬಾಗಿಸಿದಳು.
ಬಳ್ಳಾರಿ ಗುಡ್ಡ ಪೂರಾ
ಕಣ್ಣೊಳಗೆ ಬಂದು ಕೂತಿತು.

ನಮ್ಮಲ್ಲಿ ಎಲ್ಲದಕ್ಕೂ ನರವೇ.
ಕುತ್ತಿಗೆ ಹಿಡಿದರೆ ನರ, ಹಿಮ್ಮಡಿ ಸಿಡಿದರೆ ನರ,
ಗಂಡ ತಾಟು ಎಸೆದರೂ ಅವನಿಗೆ ನರದ ಕಾಯಿಲೆ.
ಇವಳು ಹೇಳಿದ ಹೆಸರು ಸ್ನಾಯುರಜ್ಜು.
ಹಗ್ಗ ಅಂತ ತಿಳ್ಕೊ ಅಕ್ಕ.
ಎಳೆಯೋದು ಮಾಂಸ, ಏಳೋದು ಮೂಳೆ,
ನಡುವೆ ನಿಂತು ಮಾತು ಮುಟ್ಟಿಸೋದು ಇದು.
ನಿಂದು ಹಾಯೋ ಕೊಳವೆ ದಪ್ಪ ಆಗೈತಿ,
ಹಗ್ಗಕ್ಕೆ ಜಾಗ ಸಾಲವಲ್ದು.

ಕೌಲ್ ಬಜಾರಿನ ಮೂರನೇ ಮಾಳಿಗೆ,
ತಗಡಿನ ಸೂರಿನಡಿ ನಾನು ಬಾರ್‌ಟ್ಯಾಕ್ ಮಿಷಿನ್ನಿನವಳು.
ಜೀನ್ಸು ಎಲ್ಲಿ ಹರಿಯುತ್ತೇನೆಂದು ಹಟ ಹಿಡಿಯುತ್ತದೋ
(ಜೇಬಿನ ಮೂಲೆ, ಲೂಪಿನ ಬುಡ, ಜಿಪ್ಪಿನ ಕೆಳತುದಿ)
ಅಲ್ಲಿ ಒತ್ತೊತ್ತಾಗಿ ಇಪ್ಪತ್ತೆಂಟು ಹೊಲಿಗೆ ನನ್ನದು.
ಪ್ರತಿಯೊಂದರ ಬಾಲದ ದಾರ ಕತ್ತರಿಸುವುದು
ಈ ಹೆಬ್ಬೆರಳು.
ಅದಕ್ಕೇ ಕೇಳಿದೆ:
ಆ ಹಗ್ಗಾನ ಮೂಳೆಗೆ ಹೊಲಿದದ್ದು ಹೆಂಗೆ?

ಪೆನ್ನು ಕೆಳಗಿಟ್ಟು ನೋಡಿದಳು.
ಪರೀಕ್ಷೆಯಲ್ಲಿ ಯಾರೂ ಹೀಗೆ ಕೇಳಿರಲಿಲ್ಲವೇನೋ.
ಹೊಲಿದಿಲ್ಲಕ್ಕ, ಅಂಟಿಸಿನೂ ಇಲ್ಲ.
ಹಗ್ಗ ಹೋಗ್ತಾ ಹೋಗ್ತಾ ಮೆದು ಎಲುಬಾಗತೈತಿ,
ಮೆದು ಎಲುಬು ಸುಣ್ಣ ಕುಡೀತೈತಿ,
ಆಮೇಲೆ ಮೂಳೆ.
ಇಲ್ಲಿಗೆ ಇದು ಮುಗೀತು ಅನ್ನೋ ಗೆರೆ
ಬರೀ ಕಣ್ಣಿಗೆ ಕಾಣಂಗಿಲ್ಲ.

ನನ್ನ ಇಪ್ಪತ್ತೆಂಟು ಹೊಲಿಗೆ
ಅಲ್ಲೇ ಒಂದೆರಡು ಬಿಚ್ಚಿಕೊಂಡವು.

ಅವಳ ಪುಸ್ತಕದಲ್ಲೊಂದು ಚಿತ್ರ: ಮೂರು ಎಳೆ ಹುರಿಗೊಂಡ ದಾರ.
ಇದು ನಮ್ಮ ಕೋನಿನ ದಾರ! ಅಂದುಬಿಟ್ಟೆ ಜೋರಾಗಿ,
ಬೆಂಚಿನ ಮೇಲೆ ಮಂಡಿ ಹಿಡಿದು ಕೂತಿದ್ದ ಮುದುಕ
ಬೆಚ್ಚಿಬಿದ್ದ.
ಅಂಥವು ಲೆಕ್ಕವಿಲ್ಲದಷ್ಟು ಸೇರಿ ಒಂದು ಕಟ್ಟಂತೆ.
ಸುಮ್ಮನಿದ್ದಾಗ ಅಲೆಅಲೆಯಾಗಿ ಸುಕ್ಕು,
ಭಾರ ಬಿದ್ದರೆ ಮೊದಲು ಸುಕ್ಕು ಬಿಡಿಸಿಕೊಳ್ಳುತ್ತದೆ,
ಆಮೇಲಷ್ಟೇ ಬಿಗಿ.
ಪಕ್ಕದ ಮಿಷಿನ್ನಿನ ಮಾಬುನ್ನಿ ನೆನಪಾದಳು.
ಗಾದಿಲಿಂಗಪ್ಪ ಮಾಸ್ತರ ಬೈಗುಳಕ್ಕೆ
ಅವಳದೂ ಮೊದಲು ನಗು.

ಇನ್ನು ಭಾನುವಾರ ಮಾಂಸ ತೊಳೆಯುವಾಗ
ಉಗುರಿನಿಂದ ಸುಲಿದು ಬೆಕ್ಕಿಗೆಸೆಯುವ ಆ ಬಿಳಿ ಪೊರೆ,
ಅದೂ ಇವರ ಪೈಕಿಯೇ.
ಮಾಂಸ ಮಾಂಸಕ್ಕೆ ತಿಕ್ಕದೆ ಜಾರಲಿ ಅಂತ,
ತನ್ನ ತನ್ನ ಜಾಗದಲ್ಲಿ ನಿಲ್ಲಲಿ ಅಂತ
ನೆತ್ತಿಯಿಂದ ಅಂಗಾಲಿನವರೆಗೆ ಒಂದೇ ಅಸ್ತರು.
ಹೊರಗಿನ ಬಟ್ಟೆಗೇ ಎಲ್ಲರೂ ರೇಟು ಕಟ್ಟುತ್ತಾರೆ.
ಇಷ್ಟು ವರ್ಷ
ಬೆಕ್ಕಿಗೆ ಏನು ಹಾಕುತ್ತಿದ್ದೇನೆಂದು ಗೊತ್ತಿರಲಿಲ್ಲ.

ಎಷ್ಟು ದಿನ? ಕೇಳಿದೆ.
ಆರು ವಾರ.
ಬಟ್ಟೆಯಾಗಿದ್ದರೆ ಅರ್ಧ ತಾಸು!
ನೆತ್ತರು ಕಮ್ಮಿ ಹೋಗೋ ಜಾಗ ಅಕ್ಕ, ತಡ ಆಗತೈತಿ.
ಹಂಗಂತ ಪೂರ್ತಿ ಕಟ್ಟಿ ಇಡಬ್ಯಾಡ,
ಹೊಸ ಎಳೆ ಅಡ್ಡಾದಿಡ್ಡಿ ಬೆಳೀತಾವು.
ಈ ನೋವು ಇಳಿದಮೇಲೆ ಚೂರು ಚೂರು ಎಳೀತಾ ಇರು,
ಎಳೆತ ಎತ್ತ ಐತೋ ಅತ್ತ ಸಾಲು ಹಿಡೀತಾವು.

ಹೊರಗೆ ಬಂದರೆ ಗುಡ್ಡ.
ಬಂಡೆಯ ಮೇಲೆ ಬಂಡೆ, ನಡುವೆ ಏನೂ ಇಲ್ಲ.
ಕೂತಿವೆ. ಎಂದಾದರೂ ಉರುಳಿಯಾವು,
ಎದ್ದು ನಿಂತಾವೇ?

ಆರು ವಾರ ಅಂದಿದ್ದಕ್ಕೆ ಮಾಸ್ತರು ಪೂರ್ತಿ ಬಾಯಿ ತೆರೆದರು.
ಮಾಬುನ್ನಿ ನನ್ನ ಸ್ಟೂಲನ್ನು
ಕಾಲಲ್ಲೇ ತನ್ನ ಕಡೆ ಎಳೆದುಕೊಂಡಳು,
ಬೇರೆ ಯಾರೂ ಕೂರಬಾರದು ಅಂತ.

ರಾತ್ರಿ ರೊಟ್ಟಿ ಬಡಿಯಲು ಮಗ ಕೂತ.
ಅಂಚೆಲ್ಲ ಸೀಳು, ನಡುವೆ ತೂತು,
ಹಂಚಿಗೆ ಹಾಕುವಷ್ಟರಲ್ಲಿ ಮೂರು ತುಂಡು.
ಜಿಗಿ ಬಂದಿಲ್ಲ, ಕುದಿನೀರು ಹಾಕಿ ನಾದು ಅಂದೆ.
ಎಷ್ಟು?
ಕೈ ತೋರಿಸಲು ಹೋದೆ, ಮಣಿಕಟ್ಟು ಚುರ್ ಅಂತು.
ನಾದು ನೀನು.
ಹಿಟ್ಟೇ ಹೇಳತೈತಿ.