ನಾಲ್ಕನೇ ನಂಬರು

ತಾಳವಾಡಿ ಬಸ್‌ಸ್ಟ್ಯಾಂಡಿನೆದುರು ಅಂಗಡಿ.
ಅಯೂಬಣ್ಣ ಮೊದಲು ಇಳಿಸಿದ್ದು ಗುಲಾಬಿ ಬಣ್ಣದ್ದು,
ಬದಿಗೆ ಚಿಟ್ಟೆ, ಹಿಮ್ಮಡಿಯಲ್ಲಿ ಮಿಣುಕು ದೀಪ ಬೇರೆ.
"ಲೇಡೀಸು ಅಂದ್ರೆ ಇದೇ ಕಣವ್ವ."

ದೀಪ ಯಾತಕ್ಕಣ್ಣ? ನಾನು ಹೋಗುವುದು ಬೆಳಗಿನ ಆರಕ್ಕೆ,
ಹಾಸನೂರು ದಾಟಿ ಒಳಗೆ, ಲಸಿಕೆ ಡಬ್ಬಿ ಹೆಗಲಿಗೆ.
ನಾನು ಬರುವ ಸುದ್ದಿ ಆನೆಗೆ ಹೇಗೂ ಗೊತ್ತು.

ಗಂಡಸರದು ತೆಗೆದ. ಕರಿಯದು, ಗಟ್ಟಿ,
ಆರಕ್ಕಿಂತ ಚಿಕ್ಕದಿಲ್ಲ.
ಮುಂದೆ ಹಳೇ ಪೇಪರು ತುರುಕಿದರಾಯ್ತಂತೆ.
ಹೋದ ಮಾಗಿಯಲ್ಲಿ ಹಾಗೇ ನಡೆದಿದ್ದೆ:
ಇಬ್ಬನಿಗೆ ಪೇಪರು ನೆಂದು ಮುದ್ದೆ,
ಗೆರ್ಮಾಳದ ಇಳಿಜಾರಲ್ಲಿ ಕಾಲೊಂದು ಕಡೆ, ಬೂಟೊಂದು ಕಡೆ.
ಇಷ್ಟು ವರ್ಷ ಕಾಡಲ್ಲಿ ಏನೂ ಕಚ್ಚಲಿಲ್ಲ ನನ್ನ,
ಕಚ್ಚಿದ್ದೆಲ್ಲ ಎಕ್ಕಡವೇ.

ಒಂದೊಂದನ್ನೂ ಬಗ್ಗಿಸಿದೆ, ಉಗುರಲ್ಲಿ ಅಡಿ ಕೆರೆದೆ,
ಉಣ್ಣೆ ಕಾಲ್ಚೀಲ ಏರಿಸಿ ಅಂಗಡಿ ಮೆಟ್ಟಿಲು ಇಳಿದೆ, ಹತ್ತಿದೆ, ಮತ್ತೆ ಇಳಿದೆ.
ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ತಾಗಬಾರದು.
ಇದನ್ನು ಹೇಳಿಕೊಟ್ಟವಳು ಹಾಡಿಯ ಕೇತಮ್ಮ,
ಹುಟ್ಟಿದಾಗಿನಿಂದ ಚಪ್ಪಲಿ ಮೆಟ್ಟದವಳು:
"ಬೆರಳು ಅರಳ್ಕಂಡಿರ್ಲಿ ಮಗ, ನೆಲ ಹಿಡಿಯೋದು ಅವೇಯ."

ಕೊನೆಗೆ ಸಿಕ್ಕಿತು, ಸ್ಕೂಲು ಹುಡುಗರ ರಾಶಿಯ ತಳದಲ್ಲಿ,
ಧೂಳು ಹೊಡೆದರೆ ಕಂದು, ಅಡಿಯಲ್ಲಿ ಆಳವಾದ ಹಲ್ಲು.
ಬಿಲ್ಲಿನಲ್ಲಿ ಅಯೂಬಣ್ಣ ತಮಿಳಲ್ಲಿ ಬರೆದ: ಹುಡುಗ, ನಾಲ್ಕು.
ಹುಡುಗ ಹೊಡೆದು ಹಾಕು ಅಂದೆ.
ನಕ್ಕು ಹೊಡೆದು ಹಾಕಿದ.

ಲೇಸು ಪಿಸಿದಿತ್ತು.
ಆ ಗುಲಾಬಿ ಜೋಡಿಯದನ್ನೇ ಬಿಚ್ಚಿ ಕೊಟ್ಟ.
ಬೇಡ ಅನ್ನಲಿಲ್ಲ.