ಛೇದ

ಧ್ವಜಕಟ್ಟೆಯ ಮೂರನೇ ಮೆಟ್ಟಿಲಲ್ಲಿ ಮಾತ್ರ
ನೆಟ್‌ವರ್ಕ್ ಎರಡು ಕಡ್ಡಿ.
ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತು
ಹತ್ತನೇ ತರಗತಿಯನ್ನು ಖಾನೆಗಳಿಗೆ ಹಂಚುತ್ತೇನೆ.
ಸರ್ಕಾರಿ ಪ್ರೌಢಶಾಲೆ, ಕುಂಬ್ರಿಗುಡ್ಡ.
ಒಟ್ಟು ಇಪ್ಪತ್ತನಾಲ್ಕು, ಹುಡುಗಿಯರು ಹದಿನೈದು.
ಪ.ಜಾ. ಐದು, ಪ.ಪಂ. ಮೂರು,
ಎರಡು ಎ ಒಂಬತ್ತು, ಎರಡು ಬಿ ನಾಲ್ಕು.
ಉಳಿದ ಮೂವರು ಸರ್ಟಿಫಿಕೇಟು ತರುತ್ತೇವೆಂದು
ಜೂನ್‌ನಿಂದ ಹೇಳುತ್ತಿದ್ದಾರೆ.

ಮಾತೃಭಾಷೆಯ ಕಾಲಮ್ಮಿಗೆ ಒಬ್ಬೊಬ್ಬರನ್ನೇ ಕೇಳಿದ್ದೆ.
ಲವೀನಾ ಲೋಬೊ, ಕೊಂಕಣಿ.
ಮುಬೀನಾ, ಉರ್ದು, ‘ಆದ್ರೆ ಓದೋಕೆ ಬರಲ್ಲ ಟೀಚರ್.’
ಷಣ್ಮುಗಪ್ರಿಯ ಎದ್ದು ನಿಂತಳು:
‘ಅಮ್ಮ ಮುದ್ದು ಮಾಡೋದು ತಮಿಳಲ್ಲಿ,
ಬೈಯೋದು ಕನ್ನಡದಲ್ಲಿ. ಯಾವುದು ಬರೀಲಿ?’
ಇಡೀ ಕ್ಲಾಸು ನಕ್ಕಿತು.
ಖಾನೆ ಒಂದೇ ಉತ್ತರ ತಗೊಳ್ಳುತ್ತದೆ.

ಹುಲಿಗೆಮ್ಮ ನಗಲಿಲ್ಲ,
ಅವತ್ತು ಬಂದೇ ಇರಲಿಲ್ಲ.
ಕುಷ್ಟಗಿ ಕಡೆಯವರು, ಶುಂಠಿ ಕೆಲಸಕ್ಕೆ ಬಂದು
ಶೆಡ್ಡಿನಲ್ಲಿ ಉಳಿದವರು.
ಕಳೆ ತೆಗೆಯುವಾಗ, ಮಣ್ಣು ಏರಿಸುವಾಗ, ಕೀಳುವಾಗ
ಅವಳ ಹೆಸರಿನ ಮುಂದೆ ಸಾಲುದ್ದ ‘ಗೈ’.
ಹಾಜರಿ ಪುಸ್ತಕ ನೋಡಿ ಶುಂಠಿಯ ಪಂಚಾಂಗ ಹೇಳಬಹುದು.
ಗಣಿತ: ಎಂಬತ್ತಕ್ಕೆ ಹನ್ನೊಂದು.

ಜನವರಿಯಲ್ಲಿ ಹೊಸನಗರದಲ್ಲಿ ಮೀಟಿಂಗು.
ಪರದೆಯ ಮೇಲೆ ಶಾಲೆಗಳು, ಹಸಿರು, ಹಳದಿ, ಕೆಂಪು.
ನಮ್ಮದು ಹಳದಿ.
ಗೋಳಿಬಜೆಯ ತಟ್ಟೆ ದಾಟಿಸುತ್ತ ಒಬ್ಬರು
ಪ್ರೀತಿಯಿಂದಲೇ ಅಂದರು:
‘ನಿಮ್ಮದು ಚಿಕ್ಕ ಶಾಲೆ ಮೇಡಂ,
ಒಂದು ಮಗು ಅಂದ್ರೆ ಶೇಕಡಾ ನಾಲ್ಕು ಚಿಲ್ಲರೆ.
ಆ ವಲಸೆ ಹುಡುಗಿಗೆ ಹಾಜರಾತಿ ಕಮ್ಮಿ ಅಂತ ಬರೆದುಬಿಡಿ,
ಮುಂದಿನ ವರ್ಷ ಖಾಸಗಿಯಾಗಿ ಕಟ್ಟಲಿ.
ಯಾರೂ ಕೇಳಲ್ಲ.’

ಯಾರೂ ಕೇಳುವುದಿಲ್ಲ, ಅದು ನಿಜ.

ನಾನು ಗಣಿತದವಳು.
ಮೇಲಿನದು ಅಂಶ, ಕೆಳಗಿನದು ಛೇದ ಎಂದು
ಪ್ರತಿ ಜೂನ್‌ನಲ್ಲಿ ಬಾಯಿಪಾಠ ಮಾಡಿಸುತ್ತೇನೆ.
ಛೇದ ಅಂದರೆ ಕತ್ತರಿಸುವುದು ಅಂತಲೂ ಇದೆ,
ಅದನ್ನು ಕನ್ನಡ ಮೇಷ್ಟ್ರಿಗೆ ಬಿಟ್ಟಿದ್ದೆ.
ವಾಪಸು ಬರುವಾಗ ಬಸ್ ಟಿಕೆಟ್ಟಿನ ಬೆನ್ನಿಗೆ ಬರೆದು ನೋಡಿದೆ:
ಮೇಲೆ ಇಪ್ಪತ್ತಮೂರು, ಗೆರೆ, ಕೆಳಗೆ ಇಪ್ಪತ್ತಮೂರು.
ನೂರು.
ಮೇಲೇನೂ ಮಾಡಬೇಕಿಲ್ಲ,
ಕೆಳಗೊಂದು ಕಮ್ಮಿ ಮಾಡಿದರಾಯಿತು.
ಸುಳ್ಳು ಹೇಳುವುದಿಲ್ಲ,
ಎರಡು ದಿನ ಆ ಟಿಕೆಟ್ಟು ಪರ್ಸಿನಲ್ಲೇ ಇತ್ತು.

ಮೂರನೇ ದಿನ ಬಂದಳು. ಉಗುರಿನಲ್ಲಿ ಕೆಂಪು ಮಣ್ಣು.
‘ಹಾಲ್‌ಟಿಕೆಟ್ಟಿಗೆ ಫೋಟೋ ತಂದೀನ್ರಿ.’
ರಿಪ್ಪನ್‌ಪೇಟೆಯಲ್ಲಿ ತೆಗೆಸಿದ್ದು, ಎಂಟು ಕಾಪಿ.
ಕಿವಿಯ ಓಲೆ ಲವೀನಾಳದು.
ಎರಡು ಸಾಕಿತ್ತು ಕಣೇ ಅಂದೆ.
‘ಉಳಿದ್ವು ನಿಮ್ಮ ಹತ್ರನ ಇರ್ಲಿರಿ,
ಶೆಡ್ಡಿನಾಗ ಇಲಿ ಕಡೀತಾವು.’

ತ್ರಿಕೋನಮಿತಿ ಬಿಟ್ಟೆವು.
ನಕ್ಷೆ, ರಚನೆ, ಸರಾಸರಿ, ಇಷ್ಟೇ ಹಿಡಿದು
ಫೆಬ್ರವರಿಯ ಸಂಜೆಗಳನ್ನು ತಳ್ಳಿದೆವು.

ಫಲಿತಾಂಶ ಬಂತು. ಹುಲಿಗೆಮ್ಮ, ಮೂವತ್ತೊಂದು, ಪಾಸು.
ಹೋದವಳು ಸಂಪದಾ.
ಮುಂದಿನ ಬೆಂಚು, ದುಂಡು ಅಕ್ಷರ,
ನಾನು ಒಂದು ದಿನವೂ ಚಿಂತೆ ಮಾಡದ ಹುಡುಗಿ.
ಅವರ ಮನೆ ಹಿಂದಿನ ಕಾಡಿನಲ್ಲಿ ಮಂಗ ಸತ್ತು ಬಿದ್ದಿತ್ತು,
ದರಗು ತರಲು ಹೋದವಳಿಗೆ ಉಣುಗು ಕಚ್ಚಿತು.
ವಿಜ್ಞಾನ ಪರೀಕ್ಷೆಯ ದಿನ ಅವಳು
ಮಣಿಪಾಲದ ವಾರ್ಡಿನಲ್ಲಿ ನೂರ ನಾಲ್ಕು ಜ್ವರದಲ್ಲಿದ್ದಳು.

ಇಪ್ಪತ್ತನಾಲ್ಕಕ್ಕೆ ಇಪ್ಪತ್ತಮೂರು:
ತೊಂಬತ್ತೈದು ಪಾಯಿಂಟ್ ಎಂಟು ಮೂರು.
ಹುಲಿಗೆಮ್ಮನನ್ನು ಕಳೆದಿದ್ದರೆ
ತೊಂಬತ್ತೈದು ಪಾಯಿಂಟ್ ಆರು ಐದು.
ಎರಡು ಸಲ ಮಾಡಿ ನೋಡಿದೆ, ಯಾರಿಗೂ ತೋರಿಸಲಿಲ್ಲ.
ಅವಳು ಫೇಲಾಗಿದ್ದರೆ
ಈ ಲೆಕ್ಕ ನನ್ನ ಪರ ನಿಲ್ಲುತ್ತಿರಲಿಲ್ಲ.
ಆಗಲೂ ಆ ಫೋಟೋ ನನ್ನ ಹತ್ತಿರ ಇರುತ್ತಿತ್ತು.

ಅನುತ್ತೀರ್ಣಕ್ಕೆ ಕಾರಣ ಆರಿಸಿ ಅನ್ನುತ್ತಿದೆ ಮೊಬೈಲು:
ವಲಸೆ, ಬಾಲ್ಯವಿವಾಹ, ನಿರಾಸಕ್ತಿ, ಇತರೆ.
ಉಣುಗಿಗೆ ಖಾನೆ ಇಲ್ಲ.
‘ಇತರೆ’ ಒತ್ತಿದ್ದೇನೆ, ಚಕ್ರ ತಿರುಗುತ್ತಿದೆ.
ಅಷ್ಟರಲ್ಲಿ ಸಂಪದಾಳ ಫೋನು,
ದನಿ ಇನ್ನೂ ತೆಳ್ಳಗಿದೆ:
‘ಪರೀಕ್ಷೆ ಎರಡು ಯಾವತ್ತು ಟೀಚರ್?’
ತಾರೀಖು ನೋಡಲು ಹಾಜರಿ ಪುಸ್ತಕ ತೆರೆದರೆ
ಮೆಟ್ಟಿಲ ಮೇಲೆ ಉದುರಿದವು ಆರು ಫೋಟೋ,
ಆರರಲ್ಲೂ ಲವೀನಾಳ ಓಲೆ.