ನಂಬರ್ ಎಂಟು

ಕುಡ್ಚಡೆಯಲ್ಲಿ ಬಸ್ಸಿಳಿದು ಕೇಳಿದರೆ
ನಂಬರ್ ಎಂಟರ ಕ್ಯಾಂಪು ಯಾರಿಗೂ ಗೊತ್ತಿಲ್ಲ.
ಹಳೇ ಟಿಪ್ಪರ್ ಡ್ರೈವರ್ ಕ್ಲೆಮೆಂತ್ ಮಾತ್ರ
ಸ್ಕೂಟರು ಒದ್ದು "ಬಸ್" ಅಂದ.
ಕೊಂಕಣಿಯಲ್ಲಿ ಹಾಗಂದರೆ, ಕೂತುಕೋ.

ರಿವಣ ದಾಟಿದ ಮೇಲೆ ರಸ್ತೆಗೆ ಕೆಲಸವಿಲ್ಲ.
ಲಾರಿ ಹಿಂದೆ ಲಾರಿ ಹೊತ್ತದ್ದು
ಈಗ ಒಂದು ಮುಂಗುಸಿಯನ್ನು ದಾಟಿಸುತ್ತದೆ,
ಅವಸರವಿಲ್ಲದೆ.

ತೂಕದ ಕಟ್ಟೆಯ ಮುಳ್ಳು
ಹದಿನಾರು ಟನ್ನಿಗೆ ನಿಂತುಬಿಟ್ಟಿದೆ.
ಮೇಲೆ ಏನೂ ಇಲ್ಲ.
ನಾನು ಹತ್ತಿದೆ, ಕ್ಲೆಮೆಂತನೂ ಹತ್ತಿದ.
ಇಬ್ಬರಿಗೂ ಅಷ್ಟೇ.

ಗುಂಡಿಯ ತುಂಬ ಹಸಿರು ನೀರು.
ಬಗ್ಗಬೇಡ, ಎಂದ,
ಆಳ ಎಷ್ಟೆಂದು ಅಗೆದವರೇ ಮರೆತಿದ್ದಾರೆ.

ಇಲ್ಲೇ ಎಲ್ಲೋ ನಮ್ಮವ್ವ ಫಕೀರವ್ವನ ಖಾನಾವಳಿ.
ರೋಣದ ಕಡೆಯ ಕ್ಲೀನರ್ ಹುಡುಗರು
ಕೆಂಪು ಹುಬ್ಬು, ಕೆಂಪು ರೆಪ್ಪೆ,
ಕೆಮ್ಮಿದರೆ ಅದೂ ಕೆಂಪು,
ಸಾಲಾಗಿ ಕೂತು ರೊಟ್ಟಿ ಮುರಿಯುತ್ತಿದ್ದರು.
ಇದೇನು ಕಬ್ಬಿಣ ಅಂದ್ಕೊಂಡಿಯಾ,
ಹಡಗು ಹತ್ತಿದರೆ ಬಂಗಾರ,
ಅನ್ನುತ್ತಿದ್ದ ಸೂಪರ್‌ವೈಸರು, ಕೈತೊಳೆಯುತ್ತ.

ನಾನು ನಂಬಿದೆ. ಆಗ ಆರು ವರ್ಷ.
ಅವ್ವನ ಹಿಟ್ಟಿನ ಜರಡಿ ಕದ್ದು
ಅಂಗಳವನ್ನೆಲ್ಲ ಸೋಸಿದೆ.
ಮೂರು ದಿನ ಬಂಗಾರ ಸಿಗಲಿಲ್ಲ,
ನಾಲ್ಕನೆಯ ದಿನ ಹೊಡೆತ ಸಿಕ್ಕಿತು.
ವಾರವಿಡೀ ಎಲ್ಲರ ರೊಟ್ಟಿಯೂ ತುಸು ಕೆಂಪು.
ಯಾರೂ ಏನೂ ಅನ್ನಲಿಲ್ಲ.
ಮೊದಲೂ ಹಾಗೇ ಇತ್ತೇನೋ.

ಒಂದು ಸೋಮವಾರ ಸೈರನ್ ಊದಲಿಲ್ಲ.
ಮಂಗಳವಾರವೂ.
ಉದ್ರಿ ಪುಸ್ತಕದಲ್ಲಿ ನಲವತ್ತೊಂದು ಹೆಸರು
ಅಲ್ಲಲ್ಲೇ ಉಳಿದವು.
ಅವ್ವ ತಗಡು ಬಿಚ್ಚಿಸಿದಳು, ಬಾಗಿಲು ಕೀಳಿಸಿದಳು,
ಬಾಡಿಗೆ ಟೆಂಪೋದಲ್ಲಿ ಎಲ್ಲ ಬಂತು.
ನೆಲಕ್ಕೆ ಹೂತಿದ್ದ ಒಳ್ಳು ಮಾತ್ರ
ಹಾರೆಗೂ ಜಗ್ಗಲಿಲ್ಲ.

ಗೇರುಗಿಡದ ಬುಡದಲ್ಲಿ
ಕಾಲಿಗೇ ತಗುಲಿತು, ಕಣ್ಣಿಗಲ್ಲ.
ಒಂದೇ ಗೆರೆ ಸಿಗ್ನಲ್ಲು. ಫೋನು ಹಚ್ಚಿದೆ.

"ಐತೇನ?"
"ಐತಿ."
"ಒಳಗೇನೈತಿ?"
"ನೀರು."
"ಬಳದ ಚೆಲ್ಲು. ಹುಳಾ ಬೀಳ್ತಾವ."

ಮನೆ ಇದೆಯೇ ಎಂದು ಕೇಳಲಿಲ್ಲ,
ಯಾರಾದರೂ ಸಿಕ್ಕರೇ ಎಂದೂ.

ಬೊಗಸೆ ಬೊಗಸೆ ಬಳಿದೆ.
ಗೊದಮೊಟ್ಟೆಯೊಂದು ಬೆರಳ ಸಂದಿಯಿಂದ
ಎರಡು ಸಲ ತಪ್ಪಿಸಿಕೊಂಡಿತು.
ಅದನ್ನು ಚರಂಡಿ ನೀರಿಗೆ ಬಿಟ್ಟು ಬಂದೆ.
ಕೆಳಗೆ ನುಣ್ಣನೆಯ ಕೆಸರು,
ಬಿಸಿಲು ಹಾದಾಗ ಏನೋ ಮಿಣುಕು.
ಗೇಟಿನವನು ಬರುವ ಹೊತ್ತಾಯಿತು,
ಕ್ಲೆಮೆಂತ್ ಹಾರ್ನ್ ಒತ್ತಿದ.

ಅಂಗೈ ಪ್ಯಾಂಟಿಗೆ ಒರೆಸಿ ಫೋನೆತ್ತಿಕೊಂಡರೆ
ಅವ್ವ ಇನ್ನೂ ಲೈನಿನಲ್ಲೇ ಇದ್ದಳು:
"ತಳಾ ಕಾಣತೈತೇನ?"